ಬೆರಳು ತಪ್ಪಿದ ಮಂತ್ರಿ

ಆ ಭಾನುವಾರ ಬೆಳಗಿನ ಹೊತ್ತು ಹೊಸಪೇಟೆಯ ಮೇಲೆ ಮಂಜು ದಟ್ಟವಾಗಿ ಕೂತಿತ್ತು. ಧನುರ್ಮಾಸದ ಚಳಿ. ಹಿಂದಿನ ಬೀದಿಯ ನೀರಿನ ಟ್ಯಾಂಕಿನ ಕಾಲುಗಳು ಮಾತ್ರ ಕಾಣುತ್ತಿದ್ದವು, ಟ್ಯಾಂಕು ಕಾಣುತ್ತಿರಲಿಲ್ಲ. ಕಮಲಾಪುರದ ಕಡೆ ಇದಕ್ಕಿಂತ ಹೆಚ್ಚೇ ಇರಬೇಕು ಎಂದುಕೊಂಡ ನಾಗಭೂಷಣ. ಅಲ್ಲಿ ಕೆರೆ ಇದೆ, ಕೆರೆಯ ಕೆಳಗೆ ನೀರು ಕಟ್ಟಿದ ಬಾಳೆ ತೋಟಗಳಿವೆ. ಆ ತೋಟಗಳಲ್ಲೊಂದರ ಮನೆಯಲ್ಲಿ ಕೂತು ಗವಿಸಿದ್ದಪ್ಪ ಈಗ ಅವನ ಎದುರು ಚೆಸ್ ಆಡುತ್ತಿದ್ದರು.

ನಾಗಭೂಷಣ ಶಾಲು ಹೊದ್ದು ತಾರಸಿಯ ಮೆಟ್ಟಿಲ ಕೋಣೆಯಲ್ಲಿ ಕೂತಿದ್ದ. ಮುಂದಿನ ಲ್ಯಾಪ್‌ಟಾಪಿನಲ್ಲಿ ಟೂರ್ನಮೆಂಟಿನ ಪಟ್ಟಿ, ಕೈಯಲ್ಲಿನ ಫೋನಿನಲ್ಲಿ ತನ್ನದೇ ಆಟ. ವಾರವೆಲ್ಲ ಬಸ್ ನಿಲ್ದಾಣದಲ್ಲಿ ಅವನು ಕಂಟ್ರೋಲರ್. ಯಾವ ಬಸ್ಸು ಎಷ್ಟಕ್ಕೆ ಬಂತು, ಎಷ್ಟಕ್ಕೆ ಬಿಟ್ಟಿತು ಎಂದು ಬರೆಯುವವನು. ಭಾನುವಾರ ಬೆಳಿಗ್ಗೆ ಕೆರೆಕಟ್ಟೆ ಚೆಸ್ ಬಳಗದ ಆನ್‌ಲೈನ್ ಟೂರ್ನಮೆಂಟ್ ನಡೆಸುವವನು. ಲಿಂಕ್ ಕಳಿಸುವುದು, ಹೆಸರು ಸೇರಿಸುವುದು, ಸುತ್ತು ಮುಗಿದ ಮೇಲೆ ಅಂಕ ಹೇಳುವುದು, ನಡುವೆ ನೆಟ್‌ವರ್ಕ್ ಹೋದವರ ಗೋಳು ಕೇಳುವುದು, ಎಲ್ಲ ಅವನದೇ.

ಅಂದು ಕೊನೆಯ ಸುತ್ತು. ಗೆದ್ದವರಿಗೆ ಆ ತಿಂಗಳ ಮೊದಲ ಸ್ಥಾನ. ಗವಿಸಿದ್ದಪ್ಪನವರ ಆಟ ಒಂದು ಕೂದಲಷ್ಟು ಮುಂದಿತ್ತು. ಅವರ ಗಡಿಯಾರ ಓಡುತ್ತಿತ್ತು, ಕಾಯಿ ಅಲ್ಲಾಡಲಿಲ್ಲ. ನಿಮಿಷದ ಹತ್ತಿರ ಹೋಯಿತು. ಆಮೇಲೆ ಅವರ ಮಂತ್ರಿ ಸರ್ರನೆ ಸರಿದು ನಾಗಭೂಷಣನ ಕುದುರೆಯ ಬಾಯಿಗೆ ಬಂದು ನಿಂತಿತು. ಬೋರ್ಡಿನಲ್ಲಿ ಅದರ ಪಕ್ಕದ ಮನೆಯಲ್ಲಿ ನಿಂತಿದ್ದರೆ ಆಟ ಅವರದೇ ಆಗಿ ಮುಗಿಯುತ್ತಿತ್ತು.

ತುಸು ಹೊತ್ತಿಗೆ ಬೋರ್ಡಿನ ಕೆಳಗೆ ಒಂದು ಪದ ಬಂತು. "ಬೆರಳು."

ಆ ಬಳಗದಲ್ಲಿ ಆ ಒಂದು ಪದಕ್ಕೆ ಒಂದು ಕಟ್ಟಳೆಯಿತ್ತು. ಕೊರೊನಾ ಬಂದು ಕೆರೆಕಟ್ಟೆಯ ಮೇಲಿನ ಆಟ ನಿಂತು, ಎಲ್ಲರೂ ಫೋನಿನಲ್ಲಿ ಆಡಲು ಕಲಿತ ಮೊದಲ ದಿನಗಳಲ್ಲಿ ಹುಟ್ಟಿದ್ದು ಅದು. ಹಂಪಿಯ ಗುಡಿಯೊಂದರ ಅರ್ಚಕರಾದ ಅಕ್ಷೋಭ್ಯ ಆಚಾರ್ಯರು ದೀಪಕ್ಕೆ ಎಣ್ಣೆ ಹಾಕಿದ ಕೈಯಲ್ಲೇ ಆಡಲು ಕೂತಿದ್ದರು. ಗಾಜಿನ ಮೇಲೆ ಬೆರಳು ಜಾರಿ ಆನೆ ತಪ್ಪು ಮನೆಗೆ ಹೋಯಿತು. ಇಟ್ಟ ನಡೆಯನ್ನು ಹಿಂತೆಗೆಯಲು ಟೂರ್ನಮೆಂಟಿನಲ್ಲಿ ಆಗುವುದಿಲ್ಲ. ಎದುರಿಗಿದ್ದ ಗವಿಸಿದ್ದಪ್ಪ ಆ ಆನೆಯನ್ನು ಹೊಡೆದರು; ಮರುನಡೆಯಲ್ಲೇ ತಮ್ಮ ಆನೆಯನ್ನು ತಂದು ಆಚಾರ್ಯರ ಒಂಟೆಯ ದಾರಿಯಲ್ಲಿ ನಿಲ್ಲಿಸಿದರು. "ಎಣ್ಣಿ ಕೈ ಅಲ್ಲೇನ್ರಿ ಆಚಾರ್ರೆ, ದೇವ್ರು ನನ್ನ ಲೆಕ್ಕಕ್ಕ ಹಾಕಬಾರ್ದು," ಎಂದು ಬರೆದಿದ್ದರು. ಅಂದಿನಿಂದ ಯಾರದೇ ಬೆರಳು ಜಾರಲಿ, ಅವರು "ಬೆರಳು" ಎನ್ನುವರು. ಎದುರಿನವರು ಅದೇ ಬೆಲೆಯ ಕಾಯಿಯನ್ನು ಮರುನಡೆಯಲ್ಲಿ ವಾಪಸ್ಸು ಒಪ್ಪಿಸುವರು. ಬೆರಳೋ ಬುದ್ಧಿಯೋ ಎಂದು ಯಾರೂ ಕೇಳಿದ್ದಿಲ್ಲ. ಅದು ಆಡಿದವನಿಗೂ ಅವನ ದೇವರಿಗೂ ಬಿಟ್ಟದ್ದು.

ನಾಗಭೂಷಣ ಕುದುರೆಯಿಂದ ಮಂತ್ರಿಯನ್ನು ಹೊಡೆದ. ಮರುನಡೆಗೆ ತನ್ನ ಮಂತ್ರಿಯ ಮೇಲೆ ಬೆರಳಿಟ್ಟವನ ಕಣ್ಣು ಲ್ಯಾಪ್‌ಟಾಪಿನ ಕಡೆ ಹೋಯಿತು. ಯಾವ ನಡೆಗೆ ಎಷ್ಟು ಹೊತ್ತು ಹಿಡಿಯಿತೆಂದು ಅಲ್ಲಿ ಕಾಣುತ್ತಿತ್ತು. ಇಷ್ಟು ಹೊತ್ತು ಯೋಚನೆ ಮಾಡಿದವನ ಬೆರಳು ಜಾರುವುದೆಂದರೇನು? ಜಾರುವುದು ಅವಸರದಲ್ಲಿ. ತಡವಾಗಿ ಬಂದ ಡ್ರೈವರುಗಳು ದಿನವೂ ಹೇಳುವ ಕಾರಣಗಳು ಅವನ ಕಿವಿಯಲ್ಲಿದ್ದವು. ಗಡಿಯಾರ ಸುಳ್ಳು ಹೇಳುವುದಿಲ್ಲ.

ಅವನು ಮಂತ್ರಿಯನ್ನು ಕೊಡಲಿಲ್ಲ. ಹತ್ತು ನಡೆಗಳೊಳಗೆ ಗೆದ್ದ. ಗೆದ್ದ ಮೇಲೆ ಮನಸ್ಸಿಗೆ ಏನೋ ತಾಗಿದಂತಾಗಿ, ಅದಕ್ಕೊಂದು ಆಧಾರ ಬೇಕೆನ್ನಿಸಿ, ಬಳಗದ ವಾಟ್ಸಾಪ್ ಗ್ರೂಪಿನಲ್ಲಿ ಬರೆದ: "ನಿಮಿಷಗಟ್ಟಲೆ ಯೋಚಿಸಿ ಇಟ್ಟ ಕಾಯಿಗೆ ಬೆರಳಿನ ನಿಯಮ ಅನ್ವಯಿಸುವುದಿಲ್ಲ. ಇಂತಿ, ಸಂಚಾಲಕರು."

ಮಂಜು ಕರಗಿ ಟ್ಯಾಂಕು ಪೂರ್ತಿ ಕಾಣುವ ಹೊತ್ತಿಗೆ, ಗವಿಸಿದ್ದಪ್ಪ ಗ್ರೂಪು ಬಿಟ್ಟು ಹೋದರೆಂದು ಫೋನು ತೋರಿಸಿತು.

ಮುಂದಿನ ಭಾನುವಾರ ಆಟ ಶುರುವಾಗಿ ಎರಡನೇ ಸುತ್ತಿಗೇ ಜಗಳ. ಸಂಡೂರಿನ ಮಾರುತೇಶ್ "ಬೆರಳು" ಎಂದ. ಕಂಪ್ಲಿಯ ಕೊಟ್ರಯ್ಯ, "ಎಷ್ಟು ಸೆಕೆಂಡ್ ಆತು ನೋಡ್ರಿ ಮೊದ್ಲ, ಆಮ್ಯಾಲೆ ಬೆರಳಿನ ಮಾತು," ಎಂದು ಬರೆದು ಕುದುರೆ ವಾಪಸ್ಸು ಕೊಡಲಿಲ್ಲ. ಮಾರುತೇಶ್ ಆಟ ಅರ್ಧಕ್ಕೆ ಬಿಟ್ಟ. ಇನ್ನೊಂದು ಬೋರ್ಡಿನಲ್ಲಿ ಬೆರಳು ಜಾರಿದವರೇ ಹೇಳಲು ನಾಚಿ ಸೋತರು. ಮುಗಿದ ಮೇಲೆ ರೇಣುಕಮ್ಮ ಫೋನು ಮಾಡಿದಳು. ಹಂಪಿಯಲ್ಲಿ ಗೆಸ್ಟ್ ಹೌಸ್ ನಡೆಸುವ ಹೆಂಗಸು; ಯಾವನೋ ವಿದೇಶಿಯವನು ಮರೆತು ಹೋದ ಬೋರ್ಡಿನಲ್ಲಿ ಆಟ ಕಲಿತವಳು. ಅವಳ ನಾಲಿಗೆಗೆ ಯಾರೂ ದೊಡ್ಡವರಲ್ಲ.

"ಏನ್ರಿ ಕಂಟ್ರೋಲರ್ ಸಾಹೇಬ್ರೆ, ಟೂರ್ನಮೆಂಟಿಗೂ ಟೈಮ್ ಕೀಪರ್ ಆದ್ರೇನು? ನಾಳಿಂದ ನಮಗೂ ಲೇಟ್ ಫೈನ್ ಹಾಕ್ರಿ."

"ನಿಯಮ ಅಂದ್ರ ನಿಯಮ ಅಲ್ಲೇನ್ರಿ ರೇಣುಕಮ್ಮ."

"ಯಾವ ನಿಯಮ? ಅದನ್ನ ಹುಟ್ಟಿಸಿದಾತನ್ನೇ ನೀವು ಕಳ್ಳ ಅಂದ್ರಿ."

"ಕಳ್ಳ ಅಂತ ನಾನೆಲ್ಲಿ ಅಂದೆ?"

"ಅಂದಿಲ್ಲ. ಬರದ್ರಿ. ಕೆಳಗ ಸಂಚಾಲಕರು ಅಂತ ಸಹಿ ಬ್ಯಾರೆ."

ಅವಳು ಫೋನಿಟ್ಟಳು. ನಾಗಭೂಷಣನಿಗೆ ಊಟ ರುಚಿಸಲಿಲ್ಲ. ಅವನಿಗೆ ಚೆಸ್ ಕಲಿಸಿದವರೇ ಗವಿಸಿದ್ದಪ್ಪ. ಕಮಲಾಪುರದ ಕೆರೆಕಟ್ಟೆಯ ಮೇಲೆ, ಅರಳಿ ಮರದ ಕೆಳಗೆ, ಹೈಸ್ಕೂಲು ಮುಗಿಸಿ ಅಲೆದಾಡುತ್ತಿದ್ದವನನ್ನು ಕರೆದು ಕೂರಿಸಿಕೊಂಡು, "ಕುಂದ್ರು, ಸೋಲಾಕ ಕಲಿ ಮೊದ್ಲ," ಎಂದಿದ್ದರು. ಅವರು ಸುಳ್ಳು ಹೇಳಿದ್ದನ್ನು ಅವನು ಕಂಡಿದ್ದಿಲ್ಲ. ಹಾಗಾದರೆ ಆ ನಿಮಿಷ ಏನು? ಅವರು ಹೇಳಿದ್ದು ಸುಳ್ಳೆಂದು ಖಾತ್ರಿಯಾದರೂ ಸಾಕು, ನಿಜವೆಂದು ಖಾತ್ರಿಯಾದರೂ ಸಾಕು. ಈ ನಡುವಿನಲ್ಲಿ ಇರಲಾರೆ ಎನ್ನಿಸಿತು.

ಆ ವಾರ ಒಂದು ದಿನ ರಜೆ ಹಾಕಿ, ಮಧ್ಯಾಹ್ನ ಬಸ್ಸು ಹತ್ತಿ ಕಮಲಾಪುರದಲ್ಲಿ ಇಳಿದು, ಕಾಲುವೆಯ ದಂಡೆ ಹಿಡಿದು ನಡೆದ. ತೋಟದ ಬದಿಗೆ ಗೊನೆ ಕಡಿದು ರಾಶಿ ಹಾಕಿದ್ದರು. ಗಾಡಿ ಕಾಯುತ್ತಿದ್ದ ಆಳುಗಳು ಎಲೆ ಹಾಸಿಕೊಂಡು ಮಲಗಿದ್ದರು. ಗವಿಸಿದ್ದಪ್ಪ ಮನೆಯ ಮುಂದಿನ ಕಲ್ಲಿನ ಮೇಲೆ ಕೂತಿದ್ದರು, ಎರಡೂ ಕೈ ಪಂಚೆಯ ಮಡಿಕೆಯೊಳಗೆ.

"ಬಾರಲೇ ನಾಗ," ಎಂದರು, ನಿನ್ನೆ ತಾನೆ ಸಿಕ್ಕವರಂತೆ. "ಬಸ್ ಟೈಮಿಗೆ ಬಂತೇನು?"

"ಬಂತು ಸಿದ್ದಣ್ಣ."

"ಕುಂದ್ರು. ಉಚ್ಚೆಂಗಿ, ನಾಗ ಬಂದಾನ ನೋಡು. ಚಾ ಇಡು."

ಅವರ ಹೆಂಡತಿ ಉಚ್ಚೆಂಗಮ್ಮ ಒಳಗಿಂದ ಇಣುಕಿ, ನಗದೆ, "ಬಂದಿ?" ಎಂದು ಕೇಳಿ ಒಳಗೆ ಹೋದಳು. ಇಬ್ಬರೂ ಬಾಳೆಯ ದರದ ಬಗ್ಗೆ ಮಾತಾಡಿದರು. ಕಾಲುವೆಗೆ ನೀರು ನಿಲ್ಲಿಸುವ ದಿನದ ಬಗ್ಗೆ ಮಾತಾಡಿದರು. ಚಾ ಬಂತು. ನಾಗಭೂಷಣನ ಲೋಟ ತುಂಬಿತ್ತು. ಗವಿಸಿದ್ದಪ್ಪನವರದು ದೊಡ್ಡ ಸ್ಟೀಲ್ ಲೋಟ, ಅದರ ಅರ್ಧಕ್ಕಿಂತ ಕೆಳಗೆ ಚಾ. ಉಚ್ಚೆಂಗಮ್ಮ ಅದನ್ನು ಅವರ ಮುಂದೆ ಇಟ್ಟವಳು ಹೋಗಲಿಲ್ಲ, ಅಲ್ಲೇ ಕೂತಳು. ಗವಿಸಿದ್ದಪ್ಪ ಮಡಿಕೆಯಿಂದ ಕೈ ತೆಗೆದರು. ಬಲಗೈ ತನ್ನಷ್ಟಕ್ಕೆ ತಾನು, ಯಾರೋ ಒಳಗಿನಿಂದ ಜಗ್ಗುತ್ತಿರುವಂತೆ ಅಲುಗುತ್ತಿತ್ತು. ಅವರು ಅದನ್ನು ಮೊಣಕಾಲ ಮೇಲಿಟ್ಟು ಸುಮ್ಮನೆ ನೋಡುತ್ತ ಕಾದರು. ಅದು ಶಾಂತವಾದ ಮೇಲೆ ಎರಡೂ ಕೈಯಿಂದ ಲೋಟ ಹಿಡಿದು, ಒಂದೇ ಗುಟುಕಿಗೆ ಕುಡಿದು, ಕೆಳಗಿಟ್ಟರು. ಇಡುವಾಗ ಲೋಟ ಕಲ್ಲಿಗೆ ತಾಗಿ ಟಿಣಿಟಿಣಿ ಎಂದಿತು.

ನಾಗಭೂಷಣ ನೆಲ ನೋಡಿದ.

"ಯಾವಾಗಿಂದ?" ಎಂದು ಕೇಳಿದ.

"ಹೋದ ಸಲ ಗೊನಿ ಕಡಿಯೋವಾಗ ಗೊತ್ತಾತು. ಕುಡ್ಲು ಹಿಡಿಯಾಕ ಬರಲಿಲ್ಲ. ಡಾಕ್ಟ್ರು ಗುಳಿಗಿ ಕೊಟ್ಟಾರ. ಇದು ಹೋಗೋದಲ್ಲ, ನನ್ನ ಜೊತಿಗೇ ಇರೋದು ಅಂದ್ರು."

"ಹಂಗಾರ ಅವತ್ತು ಆ ನಿಮಿಷ..."

"ಎಲ್ಲಿ ಇಡಬೇಕು ಅಂತ ಮೊದ್ಲ ನೋಡೀನಿ. ನೋಡಾಕ ಏನು ಹೊತ್ತು ಬೇಕು? ಕೈ ನಿಲ್ಲಲಿ ಅಂತ ಕಾಯ್ತೀನಿ. ಚಳಿಯಾಗ ಜಲ್ದಿ ನಿಲ್ಲಂಗಿಲ್ಲ. ನಿಂತೈತೆ ಅಂತ ಮುಟ್ಟಿದೆ. ನಿಂತಿರಲಿಲ್ಲ."

ಕಟ್ಟೆಯ ಮೇಲಾಗಿದ್ದರೆ ಆ ಕೈ ಕಣ್ಣಿಗೆ ಬೀಳುತ್ತಿತ್ತು. ಕಂಡವರು ಕಾಣದಂತೆ ಆಚೆ ಮುಖ ಮಾಡಿ, ಕಾಯಿಯನ್ನು ಸರಿಯಾದ ಮನೆಗೆ ತಾವೇ ದೂಡುತ್ತಿದ್ದರು. ನಾಗಭೂಷಣನಿಗೆ ಅಂದು ಕಂಡದ್ದು ಗಡಿಯಾರವೊಂದೇ.

"ಸಿದ್ದಣ್ಣ, ನಂದು ತಪ್ಪಾತು. ಈಗ್ಲೇ ಗ್ರೂಪಿನಾಗ ಹಾಕ್ತೀನಿ. ಹಿಂಗ ಹಿಂಗ, ಕೈಗೆ ಆರಾಮಿಲ್ಲ, ಅದಕ್ಕ..."

"ಹಾಕಬ್ಯಾಡ." ಗವಿಸಿದ್ದಪ್ಪ ಮೆಲ್ಲಗೇ ಹೇಳಿದರು. "ಈ ಕೈ ವಿಷ್ಯ ಈ ಮನಿ ಬಿಟ್ಟು ಹೋಗಬಾರ್ದು. ನನಗ ಮಂದಿ ಅಯ್ಯೋ ಅನ್ನೋದು ಬ್ಯಾಡ."

"ಮತ್ತ ಅವರು ನಂಬೋದು ಹೆಂಗ?"

"ಕಾರಣ ಹೇಳಿದ ಮ್ಯಾಲೆ ನಂಬೋದು ನಂಬಿಕಿ ಏನಲೇ? ಅವತ್ತು ಆಚಾರ್ರಿಗೆ ಎಣ್ಣಿ ಕೈ ತೋರ್ಸು ಅಂದೆನೇನು ನಾನು?"

ಉಚ್ಚೆಂಗಮ್ಮ ಖಾಲಿ ಲೋಟಗಳನ್ನು ಎತ್ತಿಕೊಂಡಳು. "ನಿಮ್ಮ ಗ್ರೂಪು ಬಿಟ್ಟ ಮ್ಯಾಲೆ ಗುಳಿಗಿನೂ ಸರಿ ತಗೊಳ್ಳಂಗಿಲ್ಲ ನೋಡಪ. ಭಾನುವಾರ ಬೆಳಿಗ್ಗೆ ಎದ್ದು, ಫೋನ್ ಹಿಡಕೊಂಡು, ಸುಮ್ನ ಅಂಗಳ ನೋಡ್ತಾರ."

"ನೀ ಸುಮ್ಕಿರು," ಎಂದರು ಗವಿಸಿದ್ದಪ್ಪ.

ನಾಗಭೂಷಣ ಏನಾದರೂ ಉಪಕಾರ ಮಾಡುವ ಆತುರದಲ್ಲಿ, "ಆಪ್‌ನಾಗ ಒಂದು ಸೆಟ್ಟಿಂಗ್ ಐತೆ ಅಣ್ಣ. ಎರಡು ಸಲ ಒತ್ತಿದ್ರ ಮಾತ್ರ ಕಾಯಿ ಹೋಗೋ ಹಂಗ ಮಾಡಬಹುದು," ಎಂದ.

"ಒಮ್ಮೆ ಒತ್ತಾಕ ಬರದವನಿಗೆ ಎರಡು ಸಲ ಒತ್ತು ಅಂತೀಯಲ್ಲೋ. ಒಳ್ಳೆ ಡಾಕ್ಟ್ರ ನೀನು."

ಆಗ ಉಚ್ಚೆಂಗಮ್ಮನೂ ನಕ್ಕಳು. ಹೊರಡುವಾಗ ಗೊನೆಯೊಂದರಿಂದ ಒಂದು ಚಿಪ್ಪು ಮುರಿದು ಅವನ ಚೀಲಕ್ಕೆ ಹಾಕಿದಳು.

ಬಸ್ಸಿನಲ್ಲಿ ಕೂತು ನಾಗಭೂಷಣ ಗ್ರೂಪಿಗೆ ಬರೆದ. ಬರೆದು ಅಳಿಸಿ, ಕೊನೆಗೆ ಇಷ್ಟೇ ಉಳಿಸಿದ: "ಅವತ್ತು ಗವಿಸಿದ್ದಣ್ಣ ಬೆರಳು ಅಂದಿದ್ದು ಬೆರಳೇ. ನಾನು ಮಂತ್ರಿ ಕೊಡಬೇಕಿತ್ತು. ಕೊಡಲಿಲ್ಲ. ನಾಗಭೂಷಣ." ಸಂಚಾಲಕರು ಎಂದು ಹಾಕಲಿಲ್ಲ.

ಉತ್ತರಗಳು ಒಂದೊಂದಾಗಿ ಬಂದವು. ಏನು ಪುರಾವೆ ಸಿಕ್ಕಿತು ಎಂದು ಕೊಟ್ರಯ್ಯ ಕೇಳಿದ. ಹೋಗಿ ಕಾಲಿಗೆ ಬಿದ್ದು ಬಂದಿರೇನು ಎಂದು ಮಾರುತೇಶ್. ಯಾರಿಗೂ ಅವನು ಉತ್ತರಿಸಲಿಲ್ಲ. ಮೊದಲು ಗಡಿಯಾರ ತೋರಿಸಿದವನು ಈಗ ಏನನ್ನೂ ತೋರಿಸದೆ ಮಾತು ತಿರುಗಿಸುತ್ತಾನೆಂದು ಕೆಲವರಿಗೆ ಅವನ ಮೇಲೆ ಇದ್ದ ಗೌರವವೂ ಹೋಯಿತು. ಅದನ್ನು ಅವನು ಹೊತ್ತುಕೊಂಡ. ಆ ವಾರ ಕಂಪ್ಲಿಯ ಬಸ್ಸು ತಡವಾಗಿ ಬಂದಾಗ, ಬರೆಯುವ ಮೊದಲು ಡ್ರೈವರನ ಮುಖ ನೋಡಿ, "ಏನಾತಪ್ಪ?" ಎಂದು ಕೇಳಿದ. ಡ್ರೈವರ್ ಅನುಮಾನದಿಂದ ಅವನನ್ನೇ ನೋಡಿ ಬಸ್ಸಿನ ಕಡೆ ಹೋದ.

ಗ್ರೂಪಿಗೆ ಮತ್ತೆ ಸೇರಿಸಿದಾಗ ಗವಿಸಿದ್ದಪ್ಪ ಬೇಡವೆನ್ನಲಿಲ್ಲ. ಆದರೆ ಅವರು ಸೋಲುತ್ತಿದ್ದರು. ಚಳಿ ಏರಿ ಕೈ ನಿಲ್ಲುವುದು ಇನ್ನೂ ತಡವಾಗಿ, ಗಡಿಯಾರ ಅವರಿಗೆ ಸಾಲುತ್ತಿರಲಿಲ್ಲ. ಸೋತವರನ್ನು ಸೋತವರೊಂದಿಗೆ, ಗೆದ್ದವರನ್ನು ಗೆದ್ದವರೊಂದಿಗೆ ಯಂತ್ರವೇ ಜೋಡಿಸುತ್ತಿದ್ದುದರಿಂದ ಅವರು ಪಟ್ಟಿಯ ಕೆಳಗೆ, ನಾಗಭೂಷಣ ಮೇಲೆ. ಅವರಿಬ್ಬರೂ ಎದುರು ಬದುರು ಬರಲೇ ಇಲ್ಲ. ಕೊಡಬೇಕಾದ ಮಂತ್ರಿ ಕೊಡುವವನ ಕೈಯಲ್ಲೇ ಉಳಿಯಿತು.

ಸಂಚಾಲಕನಿಗೆ ಜೋಡಿಯನ್ನು ಕೈಯಾರೆ ಬದಲಿಸಲು ಬರುತ್ತದೆ. ಒಂದು ಗುಂಡಿ ಒತ್ತಿದರೆ ಸಾಕು. ಸಂಕ್ರಾಂತಿಗೆ ಮುಂಚೆ ಒಂದು ಬೆಳಿಗ್ಗೆ ಅವನು ಹಂಪಿಗೆ ಹೋದಾಗ, ಧನುರ್ಮಾಸದ ಪೂಜೆ ಮುಗಿಸಿ ಗುಡಿಯ ಜಗಲಿಯ ಮೇಲೆ ಕೂತಿದ್ದ ಅಕ್ಷೋಭ್ಯ ಆಚಾರ್ಯರನ್ನು ಈ ವಿಷಯ ಕೇಳಿದ. ಕೈಯ ವಿಷಯ ಎತ್ತಲಿಲ್ಲ. ಆಚಾರ್ಯರು ಅವನ ಅಂಗೈಯಲ್ಲಿ ಬಿಸಿ ಹುಗ್ಗಿ ಹಾಕಿದ ದೊನ್ನೆ ಇಟ್ಟರು.

"ಜೋಡಿ ನೀವೇ ಕಟ್ಟಿದ್ರ ಅದು ವಾಪಸ್ ಕೊಟ್ಟಂಗ ಆಗೋದಿಲ್ರಿ," ಎಂದರು. "ದಾನ ಮಾಡಿದಂಗ ಆಗ್ತದ. ಅವರೇನು ದಾನ ಕೇಳ್ಯಾರೇನು?"

"ಹಂಗಾದ್ರ ಯಾವಾಗ ಆಚಾರ್ರೆ? ಅವರು ಮ್ಯಾಲೆ ಬರೋದು, ನಾನು ಎದುರಾಗೋದು..."

"ಅವರಿಗೆ ಮ್ಯಾಲೆ ಬರಲಿಕ್ಕೆ ಏನು ಅಡ್ಡ ಅದ, ಅದನ್ನ ನೋಡ್ರಿ. ಉಳಿದದ್ದು ಸ್ವಾಮಿ ನೋಡ್ಕೋತಾನ. ಹುಗ್ಗಿ ಆರ್ತದ, ತಿನ್ರಿ."

ಜಗಲಿಯ ಕೆಳಗೆ ಬಂಡೆಗಳ ಮೇಲೆ ಬಿಸಿಲು ಏರುತ್ತಿತ್ತು. ನಾಗಭೂಷಣ ಹುಗ್ಗಿ ತಿಂದು, ದೊನ್ನೆ ಬಾಳೆಯ ಬುಡಕ್ಕೆ ಹಾಕಿ, ಕೈ ತೊಳೆದುಕೊಂಡ.

ಮುಂದಿನ ವಾರದಿಂದ ಟೂರ್ನಮೆಂಟಿನ ಗಡಿಯಾರ ಬದಲಾಯಿತು. ಆಟದ ಹೊತ್ತು ಹೆಚ್ಚಿತು, ಪ್ರತಿ ನಡೆಗೂ ಒಂದಷ್ಟು ಸೆಕೆಂಡು ಮರಳಿ ಬರುವಂತಾಯಿತು. ಎಲ್ಲರಿಗೂ ಒಂದೇ ಲೆಕ್ಕ. ಕಾರಣ ಹೇಳಲಿಲ್ಲ. "ಎಕ್ಸ್‌ಪ್ರೆಸ್ ಹೋಗಿ ಶಟಲ್ ಆತಲ್ಲ," ಎಂದು ಕೊಟ್ರಯ್ಯ ಗೊಣಗಿದ. "ನಿಮಗ ಎಲ್ಲಿಗೆ ಹೋಗೋ ಅವಸರ?" ಎಂದು ರೇಣುಕಮ್ಮ ಕೇಳಿದಳು. ಆ ದಿನ ಗವಿಸಿದ್ದಪ್ಪ ಎರಡು ಆಟ ಗೆದ್ದರು. ಅದರ ಮುಂದಿನ ವಾರ ಮತ್ತೂ ಒಂದು ಹೆಚ್ಚು. ಚಳಿಯೂ ಹಿಂದೆ ಸರಿಯುತ್ತಿತ್ತು.

ರಥಸಪ್ತಮಿ ಕಳೆದ ಭಾನುವಾರ ಕೊನೆಯ ಸುತ್ತಿನ ಪಟ್ಟಿಯನ್ನು ಯಂತ್ರ ತೆರೆದಾಗ, ಮೊದಲ ಬೋರ್ಡಿನ ಎದುರು ಎರಡು ಹೆಸರಿದ್ದವು. ನಾಗಭೂಷಣ, ಗವಿಸಿದ್ದಪ್ಪ.

ಅವನು ಕನ್ನಡಕ ಒರೆಸಿಕೊಂಡ. ಇಬ್ಬರ ಅಂಕವೂ ಸಮ. ಗೆದ್ದವರಿಗೆ ಈ ತಿಂಗಳ ಮೊದಲ ಸ್ಥಾನ. ಸಂಚಾಲಕನಾದ ಮೇಲೆ ಅವನು ಮೂರು ತಿಂಗಳು ಬಿಡದೆ ಮೊದಲಿಗನಾಗಿದ್ದುದಿಲ್ಲ, ಇಂದು ಗೆದ್ದರೆ ಆಗುತ್ತಿತ್ತು. ಆ ಆಸೆ ಇನ್ನೂ ಒಳಗಿದ್ದುದನ್ನು ಅವನು ಕಂಡುಕೊಂಡ. ಅದು ಅಲ್ಲಿರುವುದನ್ನು ನೋಡುತ್ತಲೇ ಮೊದಲ ಪೇದೆಯನ್ನು ನಡೆಸಿದ.

ಬೇರೆ ಆಟಗಳು ಮುಗಿದು ಒಬ್ಬೊಬ್ಬರೇ ಈ ಬೋರ್ಡು ನೋಡಲು ಬಂದರು. ಆಚಾರ್ಯರ ಹೆಸರು ಕಂಡಿತು, ಮಾರುತೇಶ್, ರೇಣುಕಮ್ಮ. ಗವಿಸಿದ್ದಪ್ಪ ಒಳ್ಳೆಯ ಆಟ ಆಡುತ್ತಿದ್ದರು, ಎಂದಿನ ಹಾಗೆ ಅವಸರವಿಲ್ಲದೆ, ಮೂಲೆಯ ಒಂಟೆಯನ್ನು ಮೊದಲು ಬಿಡಿಸಿಕೊಂಡು. ಬೋರ್ಡಿನ ನಡುವೆ ಕಾಯಿಗಳು ಒಂದನ್ನೊಂದು ಹಿಡಿದು ನಿಂತ ಹೊತ್ತಿನಲ್ಲಿ ನಾಗಭೂಷಣ ತನ್ನ ಮಂತ್ರಿಯ ಮೇಲೆ ಬೆರಳಿಟ್ಟ. ಅದನ್ನು ಸಾಲಿನುದ್ದಕ್ಕೂ ನಿಧಾನವಾಗಿ ನಡೆಸಿಕೊಂಡು ಹೋಗಿ, ಗವಿಸಿದ್ದಪ್ಪನವರ ಒಂದು ಪೇದೆಯ ಓರೆಗೆ, ತನ್ನ ಯಾವ ಕಾಯಿಯ ಕಾವಲೂ ಇಲ್ಲದ ಮನೆಯಲ್ಲಿ ಬಿಟ್ಟ.

ಗ್ರೂಪಿನಲ್ಲಿ ಕೊಟ್ರಯ್ಯ, "ಬೆರಳೇನ್ರಿ ಕಂಟ್ರೋಲರ್?" ಎಂದು ಬರೆದ.

"ಸುಮ್ನಿರ್ರಿ," ಎಂದು ರೇಣುಕಮ್ಮ ಬರೆದಳು.

ನಾಗಭೂಷಣ ಬೋರ್ಡಿನ ಕೆಳಗೆ ಬೆರಳು ಎಂದು ಬರೆಯಲಿಲ್ಲ. ಎದುರಿನ ಗಡಿಯಾರ ಓಡತೊಡಗಿತು. ಕಮಲಾಪುರದ ಕೆರೆಯ ಕೆಳಗೆ ಒಂದು ಕೈ ಮೊಣಕಾಲ ಮೇಲೆ ಕೂತಿರಬೇಕು. ಅವನು ತನ್ನ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕಾದ. ಕೆಳಗೆ ಬೀದಿಯಲ್ಲಿ ಸೊಪ್ಪಿನವಳು ಕೂಗುತ್ತ ಹೋಗಿ, ಆಚೆ ಬೀದಿಗೆ ತಿರುಗಿ, ಅವಳ ದನಿ ಕೇಳದಾಯಿತು.

ಪೇದೆ ಅಲುಗಿತು. ಒಂದು ಮನೆ ಓರೆಯಾಗಿ ಸರಿದು, ಮಂತ್ರಿ ಇದ್ದ ಜಾಗದಲ್ಲಿ ನಿಂತಿತು.